ಗ್ರಂಥಾಲಯದ ಕಥಾಸಮಯ: ಎಲ್ಲ ಮಕ್ಕಳೂ ನಮ್ಮವರಾಗಬೇಕಾದರೆ

ನಮ್ಮ ಹಳ್ಳಿಗಳ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದ ಮೇಲೆ ಶಾಲಾ ವಯಸ್ಸಿನ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯುತ್ತಿದೆ. ಮಕ್ಕಳಿಗೆ ಕಥೆ ಹೇಳಲು ಊರಿನ ಹಿರಿಯರನ್ನೂ ನಿವೃತ್ತ ಶಿಕ್ಷಕರನ್ನೂ ಕರೆಯುವ ರೂಢಿ ಹಲವೆಡೆ ಇದೆ. ಮಠದ ಭಕ್ತರಲ್ಲಿಯೂ ಅನೇಕರು ಈ ಸೇವೆಯನ್ನು ಸಂತೋಷದಿಂದ ಮಾಡುತ್ತಿದ್ದಾರೆ. ಹೋದವರು ಸಹಜವಾಗಿಯೇ ಶರಣರ ಕಥೆಗಳನ್ನು ಹೇಳುತ್ತಾರೆ. ಸಮಾನತೆಯ ಕಥೆಯನ್ನು ಹೇಳಿದೆವಲ್ಲ, ಇನ್ನೇನು ಬೇಕು ಎಂಬ ನೆಮ್ಮದಿ ನಮ್ಮಲ್ಲಿ ಮೂಡುತ್ತದೆ. ನಾವು ಎಡವುವುದು ಅಲ್ಲಿಯೇ.

ಹರಳಯ್ಯನವರ ಕಥೆಯನ್ನೇ ನೋಡೋಣ. “ಹರಳಯ್ಯ ಕೀಳು ಕುಲದಲ್ಲಿ ಹುಟ್ಟಿದವನು, ಆದರೂ ಮಹಾಶರಣನಾದ” ಎಂದು ಆರಂಭಿಸುವುದನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ, ನಾವೂ ಹೇಳಿದ್ದೇವೆ. ಹೇಳುವವರ ಮನಸ್ಸಿನಲ್ಲಿ ಗೌರವವೇ ಇದೆ. ಆದರೆ ಚಾಪೆಯ ಮೇಲೆ ಕುಳಿತ ಇಪ್ಪತ್ತು ಮಕ್ಕಳಲ್ಲಿ ಒಂದು ಮಗುವಿನ ತಂದೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುತ್ತಿರಬಹುದು. ಆ ಮಗುವಿಗೆ ಕೇಳಿಸುವುದು ‘ಕೀಳು’ ಮತ್ತು ‘ಆದರೂ’ ಎಂಬ ಎರಡೇ ಮಾತು. ಉಳಿದ ಮಕ್ಕಳ ಕಣ್ಣು ಒಮ್ಮೆ ಅದರತ್ತ ಹೊರಳಿದರೆ ಮುಗಿಯಿತು. ಮುಂದಿನ ವಾರ ಆ ಮಗು ಬರುವುದಿಲ್ಲ. ಏಕೆ ಬರಲಿಲ್ಲವೆಂದು ಯಾರೂ ಕೇಳುವುದೂ ಇಲ್ಲ.

ಕಲ್ಯಾಣದ ಶರಣರು ಹೀಗೆ ಮಾತನಾಡಿದವರಲ್ಲ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಮಾರಯ್ಯ, ಈ ಹೆಸರುಗಳಲ್ಲಿ ಕಾಯಕವು ತಲೆಯೆತ್ತಿ ನಿಂತಿದೆ. ಅದನ್ನು ಮರೆಮಾಚಲಿಲ್ಲ, ಅದಕ್ಕಾಗಿ ಮರುಗಲೂ ಇಲ್ಲ. ಆದ್ದರಿಂದ ಕಥೆಯಲ್ಲಿ ವೃತ್ತಿಯನ್ನು ಹೇಳದೆ ಬಿಡುವುದು ಪರಿಹಾರವಲ್ಲ. ಕುಲವನ್ನು ಕನಿಕರದಿಂದ ಹೇಳುವುದನ್ನು ಬಿಟ್ಟು ಕಾಯಕವನ್ನು ಕೌಶಲವಾಗಿ ವರ್ಣಿಸಬೇಕು. ಚರ್ಮವನ್ನು ಹೇಗೆ ಹದಗೊಳಿಸುತ್ತಾರೆ, ಉಳಿಯನ್ನು ಹೇಗೆ ಹಿಡಿಯುತ್ತಾರೆ, ಒಂದು ಜೊತೆ ಪಾದರಕ್ಷೆ ಕಾಲಿಗೆ ಸರಿಯಾಗಿ ಕೂರಲು ಎಷ್ಟು ಎಚ್ಚರ ಬೇಕು ಎಂಬುದು ಮಕ್ಕಳಿಗೆ ಬಹು ಕುತೂಹಲದ ವಿಷಯ. ಆಗ ಚಪ್ಪಲಿ ಹೊಲಿಯುವವರ ಮಗುವೇ ಎಲ್ಲರಿಗಿಂತ ಹೆಚ್ಚು ಬಲ್ಲದ್ದಾಗುತ್ತದೆ. ಅದು ತಾನಾಗಿ ಹೇಳಿದರೆ ಕೇಳೋಣ. ಬೊಟ್ಟುಮಾಡಿ ಎಬ್ಬಿಸುವುದು ಬೇಡ.

ಅದೇ ಕಥೆಯ ಐತಿಹ್ಯದಲ್ಲಿ ಎರಡು ಭಾಗಗಳಿವೆ. ಹರಳಯ್ಯನವರು ‘ಶರಣು’ ಎಂದಾಗ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಹೆಚ್ಚಾಗಿಯೇ ಬಾಗಿದರೆಂಬುದು ಮೊದಲನೆಯದು. ಆ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬುದು ಎರಡನೆಯದು. ಕಥೆ ಹೇಳುವವರಿಗೆ ಎರಡನೆಯದೇ ಪ್ರಿಯ. ಆದರೆ ಎಳೆಯ ಮಕ್ಕಳ ಮುಂದೆ ಮೊದಲನೆಯ ಭಾಗದಲ್ಲಿ ನಿಧಾನಿಸುವುದು ಲೇಸೆಂದು ನಮ್ಮ ಭಾವನೆ. ಒಂದು ನಮಸ್ಕಾರಕ್ಕೆ ಹರಳಯ್ಯನವರು ಅಷ್ಟು ಬೆರಗಾದದ್ದೇಕೆ ಎಂದು ಕೇಳಿ ಸುಮ್ಮನಿದ್ದುಬಿಡಬೇಕು. “ಅವರಿಗೆ ಮೊದಲು ಯಾರೂ ಹಾಗೆ ನಮಸ್ಕಾರ ಮಾಡಿರಲಿಲ್ಲವೇನೋ” ಎಂಬ ಉತ್ತರವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹ, ಅದಕ್ಕೆ ತೆತ್ತ ಘೋರವಾದ ಬೆಲೆ, ಇವು ಹೈಸ್ಕೂಲಿನ ಮಕ್ಕಳಿಗೆ ಹೇಳತಕ್ಕ ಮಾತು. ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಆಯ್ದಕ್ಕಿ ಲಕ್ಕಮ್ಮನವರ ಕಥೆಯಲ್ಲಿ ಇನ್ನೊಂದು ಬಗೆಯ ತೊಡಕಿದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಗೆ, ಇದು ನಮಗೆ ಸಲ್ಲದು, ಹಿಂದಿರುಗಿಸಿ ಬನ್ನಿ ಎಂದವರು ಆಕೆ. ನಾವು ಆಕೆಯನ್ನು ಆದರ್ಶ ಸತಿಯೆಂದು ಹೊಗಳಿ ಮುಂದೆ ಸಾಗುತ್ತೇವೆ. ಗಂಡನ ತಪ್ಪನ್ನು ಹೆಂಡತಿ ತಿದ್ದಿದಳು, ಗಂಡ ಒಪ್ಪಿ ನಡೆದ ಎಂಬ ಕಥೆಯ ತಿರುಳು ಹಿಂದೆ ಉಳಿಯುತ್ತದೆ. ಹುಡುಗಿಯರಷ್ಟೇ ಹುಡುಗರೂ ಅದನ್ನು ಕೇಳಬೇಕು.

ಅಂಗವೈಕಲ್ಯವುಳ್ಳ ಮಕ್ಕಳ ವಿಷಯದಲ್ಲಿ ನಮ್ಮ ಅಲಕ್ಷ್ಯ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಎಷ್ಟೋ ಹೊರಗಣ್ಣಿಗೆ ಕಾಣಿಸುವುದೇ ಇಲ್ಲ. ನಗೆಗಾಗಿ ಕುಂಟ, ಕುರುಡ, ತೊದಲ ಎಂಬ ಪಾತ್ರಗಳನ್ನು ತರುವುದನ್ನು ನಿಲ್ಲಿಸಬೇಕು. ಕಿವಿ ಮಂದವಿರುವ ಮಗುವಿಗೆ ನಮ್ಮ ಮುಖ ಕಾಣಬೇಕು. ಆದ್ದರಿಂದ ಕಿಟಕಿಗೆ ಬೆನ್ನು ಮಾಡಿ ಕೂರಬಾರದು. ಕಣ್ಣು ಕಾಣದ ಮಗುವಿಗೆ ಚಂದಯ್ಯನವರ ಕಥೆಯ ಹೊತ್ತಿನಲ್ಲಿ ಹುಲ್ಲಿನ ಹುರಿಯನ್ನು ಕೈಗೆ ಕೊಡಬಹುದು. ಎಲ್ಲ ಮಕ್ಕಳೂ ಅದನ್ನು ಕೇಳಿಯೇ ಕೇಳುತ್ತಾರೆ, ಇನ್ನೆರಡು ಹೆಚ್ಚಿಗೆ ಒಯ್ಯುವುದು ಕ್ಷೇಮ.

ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಮತ್ತೊಂದು ಉರ್ದು ಆಡುತ್ತದೆ. ನಮ್ಮ ಪ್ರವಚನದ ಕನ್ನಡ ಅವರಿಗೆ ದೂರ. “ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ?” ಎಂದು ನಡುವೆ ಕೇಳಿ, ಅವರು ಹೇಳಿದ ಪದವನ್ನೇ ಕಥೆಯ ಕೊನೆಯವರೆಗೂ ಬಳಸಿದರೆ ಸಾಕು. ಗ್ರಂಥಾಲಯವು ಸಾರ್ವಜನಿಕ ಸ್ಥಳವೆಂಬುದೂ ನೆನಪಿರಲಿ. ಅದು ಮಠವಲ್ಲ. ಶರಣರ ಕಥೆಯನ್ನು ಕಥೆಯಾಗಿ ಹೇಳೋಣ. ಕೊನೆಯಲ್ಲಿ ಎಲ್ಲರಿಂದಲೂ ಪ್ರಾರ್ಥನೆ ಹೇಳಿಸುವುದು ಬೇಡ. ಒಂದು ವಾರ ಶಿಶುನಾಳ ಶರೀಫರ ಕಥೆ, ಇನ್ನೊಂದು ವಾರ ಸಾವಿತ್ರಿಬಾಯಿ ಫುಲೆಯವರ ಕಥೆ ಬರಲಿ.

ಇನ್ನು, ಕಥೆ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸಿ. ಚಾಪೆ ಮಡಿಸುವವರು, ಕಸ ಗುಡಿಸುವವರು, ಹಿರಿಯರಿಗೆ ನೀರು ತಂದುಕೊಡುವವರು ಪ್ರತಿ ವಾರವೂ ಅದೇ ಮಕ್ಕಳೇ? ಪೊರಕೆ ಸದಾ ಹುಡುಗಿಯರ ಕೈಗೇ, ನೀರಿನ ಲೋಟ ಸದಾ ಕೆಲವು ಮನೆಗಳ ಮಕ್ಕಳ ಕೈಗೇ ಹೋಗುತ್ತಿದ್ದರೆ ಆ ದಿನ ಹೇಳಿದ ಕಥೆಯನ್ನು ಮಕ್ಕಳು ನಂಬುವುದಿಲ್ಲ. ಹಾಜರಿ ಪುಸ್ತಕದ ಕ್ರಮದಲ್ಲಿ ವಾರಕ್ಕೆ ನಾಲ್ವರಂತೆ ಸರದಿ ಹಾಕಬಹುದು. ಸರದಿಯ ಮೊದಲ ಹೆಸರು ಕಥೆ ಹೇಳುವವರದೇ ಇರಲಿ.