ಗಾಳಿಯಂತ್ರದ ರೆಕ್ಕೆಯೊಳಗಿನ ನೊರೆ

ಶ್ರೀರಾಂಪುರದಿಂದ ಹೊಸದುರ್ಗಕ್ಕೆ ಬಂದು ಅಲ್ಲಿಂದ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ಹೋಗುವವರಿಗೆ ಗುಡ್ಡದ ನೆತ್ತಿಯ ಮೇಲೆ ತಿರುಗುವ ಫ್ಯಾನುಗಳು ಹೊಸದೇನಲ್ಲ. ಹಿರಿಯೂರಿನ ಮಾರಿಕಣಿವೆಯ ಸುತ್ತಲೂ ಜೋಗಿಮಟ್ಟಿಯ ಆಸುಪಾಸಿನಲ್ಲೂ ಅವು ಸಾಲುಗಟ್ಟಿ ನಿಂತು ಎರಡು ದಶಕಗಳಾಗುತ್ತ ಬಂದಿವೆ. ಯಂತ್ರದ ಎತ್ತರ, ವಿದ್ಯುತ್ತಿನ ಲೆಕ್ಕ, ಜಮೀನಿನ ಬಾಡಿಗೆ, ಗುಡ್ಡ ಸೀಳಿ ಮಾಡಿದ ರಸ್ತೆ ಎಲ್ಲದರ ಬಗ್ಗೆಯೂ ಊರುಗಳಲ್ಲಿ ಮಾತು ನಡೆದಿದೆ. ರೆಕ್ಕೆಯ ಒಳಗೆ ಏನಿದೆ ಎಂಬ ಮಾತು ಮಾತ್ರ ಅಷ್ಟಾಗಿ ಬಂದಿಲ್ಲ. ನೋಡಿದವರು ಅದನ್ನು ಕಬ್ಬಿಣದ್ದೆಂದೋ ಪೂರ್ತಿ ಫೈಬರಿನದೆಂದೋ ತಿಳಿಯುತ್ತಾರೆ. ರೆಕ್ಕೆಯ ಹೊರಮೈ ಗಾಜಿನ ನಾರಿನದು, ನಿಜ. ಆದರೆ ಆ ಹೊರಮೈಯ ಬಹುಭಾಗವನ್ನು ಅಡ್ಡಲಾಗಿ ಕೊಯ್ದರೆ ಎರಡು ತೆಳು ಪದರಗಳ ನಡುವೆ ಸಿಗುವುದು ಗಟ್ಟಿಗೊಂಡ ನೊರೆ ಅಥವಾ ಹಗುರವಾದ ಬಾಲ್ಸಾ ಮರ. ಪಾಲಿಮರ್ ಫೋಮ್ ಎಂಬ ಈ ನೊರೆಯ ಸಂಶೋಧನೆ ಈಗ ಯಾವ ದಿಕ್ಕಿಗೆ ಹೊರಳಿದೆ ಎಂಬುದು ಚಿತ್ರದುರ್ಗ ಜಿಲ್ಲೆಗೆ ತುಂಬ ಹತ್ತಿರದ ವಿಷಯ.

ನೊರೆಯನ್ನು ಅಲ್ಲಿ ತುಂಬುವುದೇಕೆ ಎಂಬುದಕ್ಕೆ ಸಣ್ಣದೊಂದು ಲೆಕ್ಕವಿದೆ. ಎರಡು ಮಿಲಿಮೀಟರ್ ದಪ್ಪದ ಎರಡು ಗಾಜುನಾರಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ನಾಲ್ಕು ಮಿಲಿಮೀಟರಿನ ಹಲಗೆಯಾಗುತ್ತದೆ. ಅದರ ಒಂದು ಚದರ ಮೀಟರಿನ ತೂಕ ಸುಮಾರು ಏಳೂವರೆ ಕಿಲೋ. ಈಗ ಅದೇ ಎರಡು ಹಾಳೆಗಳ ನಡುವೆ ಇಪ್ಪತ್ತು ಮಿಲಿಮೀಟರ್ ದಪ್ಪದ ಫೋಮ್ ಇಡಿ. ಘನಮೀಟರಿಗೆ 80 ಕಿಲೋ ತೂಗುವ ಫೋಮ್ ಆದರೆ ಹೆಚ್ಚುವ ತೂಕ ಚದರ ಮೀಟರಿಗೆ 1.6 ಕಿಲೋ, ಅಂದರೆ ಐದನೇ ಒಂದು ಭಾಗ. ಬಾಗುವಿಕೆಯನ್ನು ತಡೆಯುವ ಶಕ್ತಿಯೋ ಸುಮಾರು ತೊಂಬತ್ತು ಪಟ್ಟು ಏರುತ್ತದೆ. ಹಲಗೆ ಬಾಗುವಾಗ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಆ ಎರಡೂ ಮುಖಗಳು ಒಂದಕ್ಕೊಂದು ದೂರವಿದ್ದಷ್ಟೂ ಬಾಗಿಸುವುದು ಕಷ್ಟ. ಅವುಗಳನ್ನು ದೂರ ಹಿಡಿದು, ಜಾರಗೊಡದೆ, ಸುಕ್ಕುಗಟ್ಟದಂತೆ ಕಾಯುವುದೇ ನಡುವಿನ ವಸ್ತುವಿನ ಕೆಲಸ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮೊಸ್ಕಿಟೊ ವಿಮಾನದ ಮೈಯನ್ನು ಪ್ಲೈವುಡ್ ಹಾಳೆಗಳ ನಡುವೆ ಬಾಲ್ಸಾ ಇಟ್ಟು ಕಟ್ಟಿದ್ದರ ಹಿಂದೆ ಇದ್ದದ್ದೂ ಇದೇ ತತ್ವ.

ಹಳೆಯ 800 ಕಿಲೋವಾಟ್ ಯಂತ್ರಗಳ ಒಂದು ಪರಿಚಿತ ಮಾದರಿಯಲ್ಲಿ ರೆಕ್ಕೆಗಳು ಬಿಡಿಸುವ ವೃತ್ತದ ವ್ಯಾಸ 48 ಮೀಟರ್. ಇಂದಿನ ಮೂರು ಮೆಗಾವಾಟ್ ಆಸುಪಾಸಿನ ಯಂತ್ರಗಳಲ್ಲಿ, ಉದಾಹರಣೆಗೆ ಸುಜ್ಲಾನ್‌ನ ಎಸ್144ರಲ್ಲಿ, ಅದು 144 ಮೀಟರ್. ವ್ಯಾಸ ಮೂರು ಪಟ್ಟಾದಾಗ ಗಾಳಿ ಹಿಡಿಯುವ ವಿಸ್ತೀರ್ಣ ಒಂಬತ್ತು ಪಟ್ಟಾಯಿತು. ಆದರೆ ಉದ್ದ, ಅಗಲ, ದಪ್ಪಗಳೆಲ್ಲ ಅದೇ ಪ್ರಮಾಣದಲ್ಲಿ ಬೆಳೆದಿದ್ದರೆ ತೂಕ ಇಪ್ಪತ್ತೇಳು ಪಟ್ಟಾಗುತ್ತಿತ್ತು, ರೆಕ್ಕೆ ತನ್ನ ಭಾರಕ್ಕೆ ತಾನೇ ಸೋಲುತ್ತಿತ್ತು. ಹಾಗಾಗದಿರುವುದಕ್ಕೆ ಒಳ್ಳೆಯ ವಿನ್ಯಾಸದ ಜೊತೆಗೆ ಒಳಗಿನ ಹಗುರ ಪದರವೂ ಕಾರಣ. ನಿಮಿಷಕ್ಕೆ ಹದಿನೈದು ಸುತ್ತಿನಂತೆ ಇಪ್ಪತ್ತು ವರ್ಷ ತಿರುಗಿದರೆ ಸುತ್ತುಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟುತ್ತದೆ. ಪ್ರತಿ ಸುತ್ತಿನಲ್ಲೂ ರೆಕ್ಕೆಯ ಭಾರ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಎಳೆಯುತ್ತದೆ. ಅಷ್ಟು ಸಲ ಹಿಂದುಮುಂದು ಎಳೆಸಿಕೊಂಡೂ ಒಳಗಿನ ನೊರೆ ಬಿರುಕು ಬಿಡಬಾರದು.

ನೊರೆ ಗಟ್ಟಿಯಾಗುವ ಬಗೆಯನ್ನು ನೋಡಬೇಕಾದರೆ ಪಕ್ಕದ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋದರೆ ಸಾಕು. ಮಂಡಕ್ಕಿಯೂ ಒಂದು ಪಾಲಿಮರ್ ಫೋಮೇ. ಅಕ್ಕಿಯ ಪಿಷ್ಟ ಉದ್ದನೆಯ ಸರಪಳಿಯಂಥ ಅಣುಗಳ ವಸ್ತು. ಕಾಳಿನಲ್ಲಿ ಉಳಿದ ಅಲ್ಪ ತೇವವೇ ಅದನ್ನು ಉಬ್ಬಿಸುವ ಅನಿಲದ ಮೂಲ. ಕಾದ ಮರಳಿಗೆ ಬಿದ್ದ ಕೂಡಲೇ ಪಿಷ್ಟ ಮೆತ್ತಗಾಗುತ್ತದೆ, ತೇವ ಆವಿಯಾಗಿ ಒಳಗೆಲ್ಲ ಗುಳ್ಳೆ ಎಬ್ಬಿಸುತ್ತದೆ. ಆವಿ ಹೊರಟುಹೋಗುತ್ತಿದ್ದಂತೆ ಒಣಗಿದ ಗೋಡೆಗಳು ಇದ್ದ ಆಕಾರದಲ್ಲೇ ಬಿರುಸಾಗುತ್ತವೆ. ತೇವ ಹೆಚ್ಚಿದ್ದರೆ, ಕಡಿಮೆಯಿದ್ದರೆ, ಮರಳಿನ ಕಾವು ತಪ್ಪಿದರೆ ಕಾಳು ಅರಳುವುದಿಲ್ಲ. ಒಂದು ಮಂಡಕ್ಕಿಯನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿ: ಒಂದೇ ಅಳತೆಯವಲ್ಲದ, ಒಂದಕ್ಕೊಂದು ಒತ್ತಿ ನಿಂತ ಕೋಣೆಗಳು, ಅವುಗಳ ನಡುವೆ ಬೆಳಕು ಹಾಯುವಷ್ಟು ತೆಳುವಾದ ಗೋಡೆಗಳು ಕಾಣುತ್ತವೆ. ಕಾರ್ಖಾನೆಯ ಫೋಮ್ ಮಾಡುವವರು ತಲೆ ಕೆಡಿಸಿಕೊಳ್ಳುವುದು ಇದೇ ಮೂರು ಘಟ್ಟಗಳ ಬಗ್ಗೆ. ಗುಳ್ಳೆ ಹುಟ್ಟಬೇಕು, ಒಡೆಯದೆ ಬೆಳೆಯಬೇಕು, ತಕ್ಕ ಕ್ಷಣಕ್ಕೆ ಗೋಡೆ ಗಟ್ಟಿಯಾಗಬೇಕು.

ಈ ಮೂರರಲ್ಲಿ ಕಠಿಣವಾದದ್ದು ನಡುವಿನದು. ಸಣ್ಣ ಗುಳ್ಳೆಯೊಳಗಿನ ಒತ್ತಡ ದೊಡ್ಡ ಗುಳ್ಳೆಯದಕ್ಕಿಂತ ಹೆಚ್ಚು. ಆದ್ದರಿಂದ ಸುಮ್ಮನೆ ಬಿಟ್ಟರೆ ಸಣ್ಣವುಗಳ ಅನಿಲ ದೊಡ್ಡವುಗಳಿಗೆ ಹರಿದು ಸಣ್ಣವು ಮಾಯವಾಗುತ್ತವೆ. ಬೆಲ್ಜಿಯಂನ ವಿಜ್ಞಾನಿ ಪ್ಲಾಟೊ ಸಾಬೂನಿನ ಪೊರೆಗಳನ್ನು ಗಮನಿಸಿ, ಮೂರು ಗೋಡೆಗಳು ಕೂಡುವಲ್ಲಿ 120 ಡಿಗ್ರಿಯ ಕೋನವಿರುತ್ತದೆ ಎಂಬ ನಿಯಮವನ್ನು 1873ರಲ್ಲಿ ಪ್ರಕಟಿಸಿದ. ಕಡಿಮೆ ಗೋಡೆಯಲ್ಲಿ ಜಾಗ ತುಂಬುವ ಗುಳ್ಳೆಯ ಆಕಾರ ಯಾವುದೆಂದು 1887ರಲ್ಲಿ ಕೆಲ್ವಿನ್ ಕೇಳಿದ ಪ್ರಶ್ನೆಗೆ, ಅವನೇ ಕೊಟ್ಟ ಉತ್ತರಕ್ಕಿಂತ ಉತ್ತಮವಾದದ್ದು ಸಿಕ್ಕಿದ್ದು 1993ರಲ್ಲಿ, ವೀರ್ ಮತ್ತು ಫೇಲನ್ ಅವರಿಂದ. ಇವೆಲ್ಲ ಬರೀ ಕುತೂಹಲದ ಲೆಕ್ಕಗಳಲ್ಲ. ಘನ ಭಾಗ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಾಗ, ಕೋಶಗಳು ತೆರೆದಿದ್ದರೆ ಫೋಮಿನ ಬಿಗಿತ ಇಳಿಯುವುದು ಸುಮಾರು ನಾನೂರರಲ್ಲಿ ಒಂದು ಪಾಲಿಗೆ. ಕೋಶಗಳು ಮುಚ್ಚಿದ್ದು ಗೋಡೆಗಳು ಚೆನ್ನಾಗಿದ್ದರೆ ನಷ್ಟ ಅಷ್ಟಿರುವುದಿಲ್ಲ. ಗಿಬ್ಸನ್ ಮತ್ತು ಆಶ್ಬಿ 1988ರ ತಮ್ಮ ಪುಸ್ತಕದಲ್ಲಿ ಈ ಸಂಬಂಧಗಳನ್ನು ಒಂದೆಡೆ ಕಟ್ಟಿಕೊಟ್ಟ ಮೇಲೆ ಫೋಮ್ ತಯಾರಿಕೆ ಕೈಗುಣದ ಕೆಲಸವಾಗಿ ಉಳಿಯದೆ ಲೆಕ್ಕ ಹಾಕಿ ಮಾಡುವ ಕೆಲಸವಾಯಿತು.

ಆ ಹೊತ್ತಿಗೆ ಸಂಶೋಧನೆಯ ಗುರಿ ಒಂದೇ ಆಗಿತ್ತು: ಇನ್ನೂ ಹಗುರ, ಇನ್ನೂ ಸಣ್ಣ ಗುಳ್ಳೆ. 1980ರ ದಶಕದ ಆರಂಭದಲ್ಲಿ ಎಂಐಟಿಯ ನಾಮ್ ಸುಹ್ ಮತ್ತು ಅವರ ವಿದ್ಯಾರ್ಥಿಗಳು ಪ್ಲಾಸ್ಟಿಕ್ ಉಳಿಸುವ ದಾರಿ ಹುಡುಕುತ್ತ, ನೂರು ಮೈಕ್ರಾನಿಗಿಂತ ಚಿಕ್ಕ ಗುಳ್ಳೆಗಳ ಫೋಮ್ ತಯಾರಿಸಿದರು. ಗುಳ್ಳೆಯು ವಸ್ತುವಿನಲ್ಲಿ ಮೊದಲೇ ಇರುವ ಸಣ್ಣ ದೋಷಗಳಿಗಿಂತ ಚಿಕ್ಕದಾದರೆ ಬಲಕ್ಕೆ ಧಕ್ಕೆಯಾಗದು ಎಂಬುದು ಅವರ ತರ್ಕ. ಉಬ್ಬಿಸುವ ಅನಿಲಗಳೂ ಬದಲಾದವು. ಫ್ರಿಜ್ಜಿನ ಗೋಡೆಯ ಪಾಲಿಯುರೆಥೇನ್ ಫೋಮಿಗೆ ಬಳಸುತ್ತಿದ್ದ ಸಿಎಫ್‌ಸಿ ಓಝೋನ್ ಪದರವನ್ನು ತಿನ್ನುತ್ತದೆಂದು ಗೊತ್ತಾಗಿ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅದನ್ನು ಕೈಬಿಡಬೇಕಾಯಿತು. ಅದರ ಜಾಗಕ್ಕೆ ಬಂದ ಎಚ್‌ಸಿಎಫ್‌ಸಿ-141ಬಿಯನ್ನೂ ಭಾರತ 2020ರ ಜನವರಿ 1ರಿಂದ ನಿಲ್ಲಿಸಿತು. ಈಗ ಸೈಕ್ಲೋಪೆಂಟೇನ್ ಇದೆ, ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡ್ ಇದೆ. 31 ಡಿಗ್ರಿ ಉಷ್ಣತೆ ಹಾಗೂ 73 ವಾತಾವರಣದಷ್ಟು ಒತ್ತಡ ದಾಟಿದರೆ ಇಂಗಾಲದ ಡೈಆಕ್ಸೈಡ್ ದ್ರವದಂತೆ ದಟ್ಟವಾಗಿಯೂ ಅನಿಲದಂತೆ ನುಸುಳುವ ಗುಣದ್ದಾಗಿಯೂ ಇರುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಪ್ಲಾಸ್ಟಿಕ್ಕಿಗೆ ಇಂಗಿಸಿ ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಎಲ್ಲೆಡೆ ಏಕಕಾಲಕ್ಕೆ ಗುಳ್ಳೆ ಹುಟ್ಟುತ್ತದೆ.

ಕರ್ನಾಟಕದ ಪಾಲೂ ಇದರಲ್ಲಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮೃತ್ಯುಂಜಯ ದೊಡ್ಡಮನಿ ಮತ್ತು ಸಂಗಡಿಗರು, ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಿಖಿಲ್ ಗುಪ್ತಾ ಅವರ ಜೊತೆಗೂಡಿ, ಅನಿಲವನ್ನೇ ಬಳಸದ ಫೋಮಿನ ಮೇಲೆ ವರ್ಷಗಳ ಕಾಲ ಕೆಲಸ ಮಾಡಿದರು. ಕಲ್ಲಿದ್ದಲು ಉರಿದ ಹಾರುಬೂದಿಯಲ್ಲಿ ಕಣ್ಣಿಗೆ ಪುಡಿಯಂತೆ ಕಾಣುವ ಟೊಳ್ಳು ಗೋಲಗಳು ಸ್ವಲ್ಪ ಪ್ರಮಾಣದಲ್ಲಿರುತ್ತವೆ. ನೀರಿಗೆ ಹಾಕಿದರೆ ತೇಲುತ್ತವೆ. ಅವುಗಳನ್ನು ಪಾಲಿಥೀನಿಗೆ ಬೆರೆಸಿದರೆ ಗುಳ್ಳೆಗಳನ್ನು ಅವುಗಳ ಗೋಡೆಸಮೇತ ಸೇರಿಸಿದಂತೆ. ಸುರತ್ಕಲ್ಲಿನ ತಂಡ ಆ ಮಿಶ್ರಣವನ್ನು ತಂತಿಯಾಗಿ ಎಳೆದು 3ಡಿ ಮುದ್ರಣ ಯಂತ್ರಕ್ಕೆ ಉಣಿಸಿತು. ಬರಿಯ ಪಾಲಿಥೀನ್ ಮುದ್ರಿಸುವಾಗ ತಣಿಯುತ್ತ ಮೂಲೆಗಳು ಸೊಟ್ಟಗಾಗಿ ಮೇಲೇಳುತ್ತವೆ. ಗೋಲಗಳು ಸೇರಿದ ಮೇಲೆ ಆ ಸೊಟ್ಟ ಕಡಿಮೆಯಾಯಿತು, ತೂಕವೂ ಇಳಿಯಿತು. ಶಕ್ತಿನಗರ, ಕುಡಿತಿನಿಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ದಿನವೂ ಬೂದಿ ರಾಶಿ ಬೀಳುವ ರಾಜ್ಯಕ್ಕೆ ಇಂಥ ಕೆಲಸದ ಬೆಲೆ ದೊಡ್ಡದು. ಅದಕ್ಕೆ ಸಿಗಬೇಕಾದಷ್ಟು ಗಮನ ನಮ್ಮಲ್ಲಿ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಗಿಡದ ಎಣ್ಣೆಯಿಂದ ಫೋಮ್ ಮಾಡುವ ಪ್ರಯತ್ನವೂ ಜೋರಾಗಿದೆ. ಚಳ್ಳಕೆರೆ, ಹಿರಿಯೂರು ಕಡೆಯ ಖುಷ್ಕಿ ರೈತರು ಬಲ್ಲ ಹರಳೆಣ್ಣೆ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟಿರುವ ರಿಸಿನೋಲಿಕ್ ಆಮ್ಲಕ್ಕೆ ಹುಟ್ಟಿನಿಂದಲೇ ಹೈಡ್ರಾಕ್ಸಿಲ್ ಗುಂಪು ಇರುತ್ತದೆ. ಬೇರೆ ಎಣ್ಣೆಗಳಿಗೆ ಆ ಗುಂಪನ್ನು ಕಾರ್ಖಾನೆಯಲ್ಲಿ ಜೋಡಿಸಬೇಕು. ಹರಳೆಣ್ಣೆಯಾದರೋ ಐಸೊಸಯನೇಟ್ ಎಂಬ ರಾಸಾಯನಿಕದೊಡನೆ ನೇರವಾಗಿ ಕೂಡಿ ಪಾಲಿಯುರೆಥೇನ್ ಆಗಬಲ್ಲದು.

ಮತ್ತೆ ರೆಕ್ಕೆಗೆ ಬರೋಣ. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಎರಡು: ಬಾಲ್ಸಾ ಮರ ಮತ್ತು ಪಿವಿಸಿ ಫೋಮ್. ಜಗತ್ತಿನ ಬಾಲ್ಸಾದ ಬಹುಪಾಲು ಬರುವುದು ಈಕ್ವೆಡಾರಿನಿಂದ. 2019-20ರಲ್ಲಿ ಗಾಳಿಯಂತ್ರಗಳ ಬೇಡಿಕೆ ಏಕಾಏಕಿ ಏರಿದಾಗ ನೆಟ್ಟ ತೋಪುಗಳು ಸಾಲದೆ ಅಮೆಜಾನ್ ನದಿತೀರದ ಕಾಡುಮರಗಳಿಗೂ ಗರಗಸ ಬಿತ್ತು. ಅಲ್ಲಿನ ಮೂಲನಿವಾಸಿಗಳ ನೆಲ ಅದರಿಂದ ನಲುಗಿತು. ಹಸಿರು ವಿದ್ಯುತ್ತಿಗಾಗಿ ಕಾಡು ಕಡಿಯುವುದನ್ನು ಒಪ್ಪಲಾಗದು. ಈ ಕೊರತೆಗೆ ಬೆಲೆಯ ಏರಿಕೆಯೂ ಸೇರಿ ತಯಾರಕರನ್ನು ಪಿಇಟಿ ಫೋಮಿನ ಕಡೆಗೆ ವೇಗವಾಗಿ ತಳ್ಳಿತು. ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ ಪಿಇಟಿ. ಇಂದು ಬಳಸಿ ಬಿಸಾಡಿದ ಬಾಟಲಿಗಳಿಂದಲೇ ರೆಕ್ಕೆಯ ಫೋಮ್ ತಯಾರಾಗುತ್ತದೆ.

ಇದು ಹೇಳುವಷ್ಟು ಸುಲಭವಾಗಿರಲಿಲ್ಲ. ಬಾಟಲಿಯ ಪಿಇಟಿಯನ್ನು ಕರಗಿಸಿದರೆ ತೆಳ್ಳಗೆ ಹರಿಯುತ್ತದೆ. ಗುಳ್ಳೆ ಬೆಳೆಯುತ್ತ ಗೋಡೆ ಹಿಗ್ಗಿದಾಗ ತಡೆಯಲಾರದೆ ಹರಿದುಹೋಗುತ್ತದೆ. ತೇವ ಉಳಿದಿದ್ದರೆ ಕರಗುವಾಗ ಅಣುಸರಪಳಿಗಳು ಇನ್ನಷ್ಟು ತುಂಡಾಗುತ್ತವೆ. ಆದ್ದರಿಂದ ಪಿಇಟಿಯನ್ನು ಚೆನ್ನಾಗಿ ಒಣಗಿಸಿ, ಸರಪಳಿಯ ತುದಿಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕವನ್ನು ಒಂದಿಷ್ಟೇ ಬೆರೆಸುತ್ತಾರೆ. ಸರಪಳಿಗಳು ಉದ್ದವಾಗಿ ಕವಲೊಡೆದು ಪಾಕಕ್ಕೆ ಎಳೆ ಬರುತ್ತದೆ. ಆಮೇಲೆ ಅನಿಲ ಬೆರೆಸಿ ನೂರಾರು ತೂತುಗಳ ಅಚ್ಚಿನಿಂದ ಹೊರಕ್ಕೆ ತಳ್ಳುತ್ತಾರೆ. ಪ್ರತಿ ತೂತಿನಿಂದ ಬರುವ ಎಳೆ ಉಬ್ಬಿ ಪಕ್ಕದ ಎಳೆಗೆ ಅಂಟಿಕೊಳ್ಳುತ್ತದೆ. ಹೀಗೆ ಆದ ಹಲಗೆಯನ್ನು ಅಡ್ಡ ಕೊಯ್ದರೆ ಎಳೆಗಳ ಬೆಸುಗೆಯ ಗೆರೆಗಳು ಜೇನುಹುಟ್ಟಿನ ವಿನ್ಯಾಸದಲ್ಲಿ ಬರಿಗಣ್ಣಿಗೇ ಕಾಣುತ್ತವೆ. ರೆಕ್ಕೆಯ ಅಚ್ಚಿನ ಬಾಗುವಿಕೆಗೆ ಒಗ್ಗಲೆಂದು ಹಲಗೆಗೆ ಉದ್ದುದ್ದ ಗೀರು ಹಾಕಿರುತ್ತಾರೆ. ಆ ಗೀರುಗಳಲ್ಲೇ ಗಾಜುನಾರನ್ನು ಬೆಸೆಯುವ ಅಂಟು ಹರಿದು ಒಳಗೆಲ್ಲ ತಲುಪುತ್ತದೆ. ತೊಂದರೆ ಎಂದರೆ, ಕೊಯ್ದ ಮೇಲ್ಮೈಯ ತೆರೆದ ಕೋಶಗಳು ಅಂಟನ್ನು ಕುಡಿಯುತ್ತವೆ. ಫೋಮ್ ಎಷ್ಟೇ ಹಗುರವಿರಲಿ, ಕುಡಿದ ಅಂಟಿನ ತೂಕ ಆ ಲಾಭವನ್ನು ನುಂಗುತ್ತದೆ. ಮೇಲ್ಮೈಯನ್ನು ಕಾವಿನಿಂದ ಮುಚ್ಚುವುದು, ಗುಳ್ಳೆಗಳನ್ನು ಚಿಕ್ಕದಾಗಿಸುವುದು ಎಂದು ಈಗ ನಡೆದಿರುವ ಕೆಲಸದ ಹೆಚ್ಚಿನ ಭಾಗ ಇದರ ಸುತ್ತಲೇ ಇದೆ.

ಪಿಇಟಿಯ ದೊಡ್ಡ ಗುಣ ಬೇರೆ. ಅದನ್ನು ಮತ್ತೆ ಕರಗಿಸಬಹುದು. ರೆಕ್ಕೆಯಲ್ಲಿ ಬಳಸುವ ಪಿವಿಸಿ ಫೋಮ್ ಹೆಸರಿಗೆ ಪಿವಿಸಿಯಾದರೂ ಅದರೊಳಗೆ ಇನ್ನೊಂದು ಪಾಲಿಮರಿನ ಬಲೆ ಹೆಣೆದುಕೊಂಡಿರುತ್ತದೆ. ಕಾಯಿಸಿದರೆ ಅದು ಕರಗದೆ ವಿಘಟನೆಯಾಗುತ್ತದೆ. ಈ ವ್ಯತ್ಯಾಸದ ಬೆಲೆ ಈಗ ಗೊತ್ತಾಗುವ ಕಾಲ ಬಂದಿದೆ. ಕೇಂದ್ರ ಸರ್ಕಾರ 2016ರಲ್ಲಿ ತಂದು 2023ರಲ್ಲಿ ಪರಿಷ್ಕರಿಸಿದ ನೀತಿಯ ಪ್ರಕಾರ ಹಳೆಯ ಸಣ್ಣ ಯಂತ್ರಗಳನ್ನು ಇಳಿಸಿ ಅದೇ ಜಾಗದಲ್ಲಿ ದೊಡ್ಡ ಯಂತ್ರ ನಿಲ್ಲಿಸಲು ಉತ್ತೇಜನವಿದೆ. ಚಿತ್ರದುರ್ಗದ ಗುಡ್ಡಗಳು ಒಳ್ಳೆಯ ಗಾಳಿಯ ಜಾಗಗಳು. ಅಲ್ಲಿ ಮೊದಲ ಸುತ್ತಿನಲ್ಲಿ ನಿಂತ ಯಂತ್ರಗಳ ಆಯಸ್ಸು ಮುಗಿಯುವ ಹಾದಿಯಲ್ಲಿದೆ. ಕಂಬದ ಉಕ್ಕು, ತಂತಿಯ ತಾಮ್ರ ಮಾರಾಟವಾಗುತ್ತವೆ. ರೆಕ್ಕೆಗಳನ್ನು ಕೊಳ್ಳುವವರು ಕಡಿಮೆ.

ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ರುಥೇನಿಯಂ ವೇಗವರ್ಧಕ ಬಳಸಿ ರೆಕ್ಕೆಯ ಎಪಾಕ್ಸಿ ಅಂಟನ್ನು ಬಿಡಿಸಿ, ಗಾಜಿನ ನಾರನ್ನೂ ಅಂಟಿನ ಮೂಲವಸ್ತುವನ್ನೂ ಮರಳಿ ಪಡೆದು ತೋರಿಸಿತು. ಅದು ಪ್ರಯೋಗಾಲಯದ ಕೆಲಸ, ದುಬಾರಿ ಲೋಹದ್ದು. ಸದ್ಯಕ್ಕೆ ದೊಡ್ಡ ಪ್ರಮಾಣದಲ್ಲಿ ನಡೆಯುವ ದಾರಿ, ಜರ್ಮನಿಯಲ್ಲಿ ರೂಢಿಯಲ್ಲಿರುವಂತೆ, ರೆಕ್ಕೆಯನ್ನು ಚೂರು ಮಾಡಿ ಸಿಮೆಂಟ್ ಗೂಡಿಗೆ ಹಾಕುವುದು. ಅಂಟು ಉರಿದು ಶಾಖ ಕೊಡುತ್ತದೆ, ಗಾಜಿನ ಸಿಲಿಕಾ ಸಿಮೆಂಟಿನಲ್ಲೇ ಸೇರಿಹೋಗುತ್ತದೆ. ವಾಡಿ, ಸೇಡಂ ಕಡೆಯ ಗೂಡುಗಳಿರುವ ನಮ್ಮ ರಾಜ್ಯಕ್ಕೆ ಇದು ಕೈಗೆಟುಕುವ ದಾರಿಯಂತೆ ಕಾಣುತ್ತದೆ. ಆದರೆ ಒಳಗಿನ ಫೋಮ್ ಪಿವಿಸಿಯಾಗಿದ್ದರೆ ಅದರ ಕ್ಲೋರಿನ್ ಗೂಡಿನ ಕೊಳವೆಗಳಲ್ಲಿ ಲವಣವಾಗಿ ಗಟ್ಟಿಕಟ್ಟುತ್ತದೆ, ಉರಿ ಸರಿಯಿಲ್ಲದ ಕಡೆ ಡಯಾಕ್ಸಿನ್‌ನಂಥ ವಿಷಕ್ಕೂ ದಾರಿ ಮಾಡುತ್ತದೆ. ಬಾಲ್ಸಾ, ಪಿಇಟಿಗಳಲ್ಲಿ ಆ ತಾಪತ್ರಯವಿಲ್ಲ. ಆದ್ದರಿಂದ ಯಾವ ಗುಡ್ಡದ ಯಾವ ಯಂತ್ರದ ರೆಕ್ಕೆಯಲ್ಲಿ ಏನಿದೆ ಎಂಬ ದಾಖಲೆ, ಯಂತ್ರ ಇಳಿಸುವುದಕ್ಕೆ ಮೊದಲೇ ಜಿಲ್ಲೆಯ ಕೈಯಲ್ಲಿರಬೇಕು. ಅನುಮತಿ ಕೊಡುವ ಹೊತ್ತಿನಲ್ಲೇ ಅದನ್ನು ಕೇಳಬೇಕು.

ದಾಖಲೆ ಇಲ್ಲದ ಹಳೆಯ ರೆಕ್ಕೆಗಳಿಗೂ ಉಪಾಯವಿದೆ, ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ತಾಮ್ರದ ತಂತಿಯ ತುದಿಯನ್ನು ಬರ್ನರಿನ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಫೋಮಿನ ಚೂರಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಬೇಕು. ಗಾಳಿ ಎಳೆಯುವ ಪಂಖವಿರುವ ಕಡೆ ಮಾತ್ರ ಇದನ್ನು ಮಾಡಬೇಕು. ಜ್ವಾಲೆ ಹಸಿರಾದರೆ ಆ ಚೂರಿನಲ್ಲಿ ಕ್ಲೋರಿನ್ ಇರುವ ಸಾಧ್ಯತೆ ಹೆಚ್ಚು, ಆ ರೆಕ್ಕೆಯ ಒಳಗಿರುವುದು ಬಹುತೇಕ ಪಿವಿಸಿ. ಹಸಿರು ಬಾರದಿದ್ದರೆ ಪಿಇಟಿಯೋ ಬೇರೆ ಫೋಮೋ ಎಂದು ಮುಂದಿನ ಪರೀಕ್ಷೆಗೆ ಕಳಿಸಬಹುದು. ಹೊಸದುರ್ಗದ ಪದವಿ ಕಾಲೇಜಿನ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಲ್ಲ ಕೆಲಸವಿದು.