ಹೊನ್ನುಹೊಳೆಯಿಂದ ಬೇಪೂರಿನವರೆಗೆ: ಗಾಳ ಹಿಡಿದು ಹೊರಡುವವರಿಗೆ

ಪಾಸ್ಖ ಹಬ್ಬ ಮುಗಿದು ಶಾಲೆಗಳಿಗೆ ಬೇಸಿಗೆ ರಜೆ ದೊರೆತೊಡನೆ ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಕುಟುಂಬಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಊಟಿಯನ್ನು ಎಲ್ಲರೂ ಹಲವು ಸಲ ನೋಡಿದ್ದಾಗಿದೆ. ಈಗ ಕೆಲವು ಯುವಕರು ಬೇರೆಯದೇ ಒಂದು ಯೋಜನೆಯನ್ನು ಮುಂದಿಡುತ್ತಿದ್ದಾರೆ: ಕಾರಿನಲ್ಲಿ ಗಾಳದ ಕೋಲುಗಳನ್ನು ಇರಿಸಿಕೊಂಡು, ಮೊದಲು ಸಿಹಿನೀರಿನಲ್ಲಿ, ಅನಂತರ ಕಡಲಿನಲ್ಲಿ ಮೀನು ಹಿಡಿಯುತ್ತ ಮೂರು ದಿನ ಸುತ್ತಿಬರುವುದು. ಆಲೋಚನೆ ಸೊಗಸಾಗಿದೆ. ಕಡಲೂ ನಾವೆಣಿಸುವಷ್ಟು ದೂರವಿಲ್ಲ. ಗುಂಡ್ಲುಪೇಟೆಯಿಂದ ಕಲ್ಲಿಕೋಟೆಗೆ ಸುಮಾರು 150 ಕಿಲೋಮೀಟರ್. ಆದರೆ ನಮ್ಮ ಜಿಲ್ಲೆಯ ಭೂಗೋಳ ಎಂತಹುದೆಂದರೆ, ಎಲ್ಲಿ ಗಾಳ ಹಾಕಬೇಕೆಂಬುದಕ್ಕಿಂತ ಎಲ್ಲಿ ಹಾಕಬಾರದೆಂಬುದನ್ನು ಮೊದಲು ತಿಳಿದುಕೊಂಡೇ ಹೊರಡಬೇಕಾಗುತ್ತದೆ.

ಗಾಳ ಎಂದೊಡನೆ ಹಳೆಯ ಮೈಸೂರು ಸೀಮೆಯವರಿಗೆ ನೆನಪಾಗುವುದು ಮಹಶೀರ್, ಹೊಳೆದಂಡೆಯವರ ಮಾತಿನಲ್ಲಿ ಬಿಳಿಮೀನು. ಸತ್ತ ಪ್ರಾಣಿಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವ ಕಲೆಗೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿಯ ಮಹಶೀರ್‌ಗೆ ಗಾಳಗಾರರು ಒಡ್ಡುತ್ತಿದ್ದ ಆಮಿಷವಾದರೂ ಏನು? ರಾಗಿಹಿಟ್ಟಿನ ಉಂಡೆ! ನಮ್ಮ ಸೀಮೆಯ ಮೀನಿಗೆ ನಮ್ಮ ಸೀಮೆಯದೇ ರುಚಿ.

ಆ ಮೀನಿನ ಇಂದಿನ ಸ್ಥಿತಿ ಶೋಚನೀಯವಾಗಿದೆ. ಅಣೆಕಟ್ಟುಗಳು ಅದರ ದಾರಿಯನ್ನು ಕಟ್ಟಿದವು; ಮರಳು ಸಾಗಣೆ ಮತ್ತು ಸಿಡಿಮದ್ದು ಅಳಿದುಳಿದುದನ್ನು ಕೆಡಿಸಿದವು. ಇದರ ಮೇಲೆ, ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮತ್ತೊಂದು ಜಾತಿಯ ಮಹಶೀರ್ ಮರಿಗಳನ್ನು ಹೊಳೆಯ ಸಮೃದ್ಧಿಗೆಂದೇ ಕಾವೇರಿಗೆ ಬಿಡಲಾಯಿತು. ಹೊರಗಿನದು ಹಬ್ಬಿತು, ಕಿತ್ತಳೆ ಬಣ್ಣದ ರೆಕ್ಕೆಯ ನಮ್ಮ ಡುಬ್ಬದ ಮಹಶೀರ್ ಕ್ಷೀಣಿಸಿತು. ಕಾರ್ಯವೊಂದರ ಗುಣದೋಷವನ್ನು ತೂಗುವಾಗ ಉದ್ದೇಶವನ್ನಷ್ಟೇ ಅಲ್ಲ, ಕಾರ್ಯದ ಸ್ವರೂಪವನ್ನೂ ಸನ್ನಿವೇಶವನ್ನೂ ನೋಡಬೇಕೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ. ವಿಜ್ಞಾನಿಗಳು ಈ ಮೀನಿನ ಶಾಸ್ತ್ರೀಯ ನಾಮ ಟಾರ್ ರೆಮಾದೇವಿ ಎಂದು ನಿರ್ಣಯಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಗಂಭೀರ ವರ್ಗಕ್ಕೆ ಸೇರಿತು.

ಆದ್ದರಿಂದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳ ಗಾಳದ ಶಿಬಿರಗಳ ಕಥೆ ಕೇಳಿದವರು ಆ ಆಸೆಯನ್ನು ಬಿಡಬೇಕು. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವ ನಿಯಮವಿದ್ದರೂ, ಹೊಳೆಯ ಆ ಭಾಗ ಕಾವೇರಿ ವನ್ಯಜೀವಿಧಾಮದೊಳಗಿರುವ ಕಾರಣ ಅಲ್ಲಿನ ಗಾಳದ ಆಟ ನಿಂತು ಹತ್ತು ವರ್ಷಗಳಿಗೂ ಮೇಲಾಯಿತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನೊಳಗಿನ ತೊರೆಗಳೂ ನಮ್ಮವಲ್ಲ.

ಹಾಗಾದರೆ ಸಿಹಿನೀರಿನ ದಿನವನ್ನು ಎಲ್ಲಿ ಕಳೆಯುವುದು? ಸತ್ಯಮಂಗಲದ ರಸ್ತೆಯಲ್ಲಿ ಅಟ್ಟುಗುಳಿಪುರದ ಬಳಿ, ಹೊನ್ನುಹೊಳೆ ಎಂದು ಜನ ಕರೆಯುವ ನದಿಗೆ ಕಟ್ಟಿದ ಸುವರ್ಣಾವತಿ ಜಲಾಶಯವಿದೆ. ಅದರ ನೆರೆಯಲ್ಲೇ ಚಿಕ್ಕಹೊಳೆ. ಗುಂಡ್ಲುಪೇಟೆಯ ಕಡೆ, ಒಣಗಿ ಬಿರುಕುಬಿಟ್ಟಿದ್ದ ಎಷ್ಟೋ ಕೆರೆಗಳಿಗೆ ಕಬಿನಿಯಿಂದ ಏತದ ಮೂಲಕ ನೀರು ಹರಿಸಿದ ಮೇಲೆ ಮತ್ತೆ ಬೆಂಡು ತೇಲುವಂತಾಗಿದೆ. ಆದರೆ ಜಲಾಶಯವಾಗಲಿ ಊರ ಕೆರೆಯಾಗಲಿ ಯಾರದೂ ಅಲ್ಲದ ನೀರಲ್ಲ. ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರನಿಗೋ ಕೊಟ್ಟಿರುತ್ತಾರೆ. ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಹಣ ಕೊಟ್ಟು ತಂದು ಬಿಟ್ಟು, ತಿಂಗಳುಗಟ್ಟಲೆ ಕಾದು, ಬೆಳಗಿನ ಚಳಿಯಲ್ಲಿ ಹರಿಗೋಲು ಹಾಕುವ ಸಂಸಾರಗಳವು. ನಮಗೆ ವಿನೋದವಾದ ಎರಡು ಮೀನು ಅವರಿಗೆ ಒಂದು ಹೊತ್ತಿನ ಅಕ್ಕಿ. ಮುಂಚಿತವಾಗಿ ಸಂಘದವರನ್ನು ಕಂಡು ಕೇಳಿ. ಅವರು ಒಪ್ಪಿದರೆ ಕೇಳಿದಷ್ಟು ಕೊಟ್ಟು ಕುಳಿತುಕೊಳ್ಳಿ, ಒಪ್ಪದಿದ್ದರೆ ಅವರಿಂದಲೇ ಮೀನು ಕೊಂಡು ಏರಿಯ ಮೇಲೆ ಬುತ್ತಿ ಬಿಚ್ಚಿ. ಮಕ್ಕಳಿಗೆ ಹರಿಗೋಲು ನೋಡುವುದೇ ಸಾಕಾದೀತು. ಅನುಮತಿ ಸಿಕ್ಕಿದಲ್ಲಿ ಎರೆಹುಳುವಿಗೆ ಬೇಗನೆ ಬೀಳುವುದು ಜಿಲೇಬಿ ಮೀನು. ಅದೂ ಹೊರದೇಶದಿಂದ ಬಂದದ್ದೇ, ಹಿಡಿಯಲು ಸಂಕೋಚಪಡಬೇಕಾಗಿಲ್ಲ.

ಕೊರವ ಮೀನಿನ ವಿಷಯ ಮಾತ್ರ ಬೇರೆ. ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲಿ ಕೆಂಪು ಮರಿಗಳ ಗುಂಪೊಂದು ಉಂಡೆಯಂತೆ ಮೇಲೆದ್ದು ಮುಳುಗುತ್ತಿದ್ದರೆ, ಅದರ ಕೆಳಗೆ ಹೆತ್ತ ಮೀನು ಕಾವಲಿರುತ್ತದೆ. ಮರಿಗಳ ಮೇಲೆ ಬಂದದ್ದನ್ನೆಲ್ಲ ಅದು ಎರಗಿ ಕಚ್ಚುವುದರಿಂದ ಗಾಳಕ್ಕೆ ಸಿಕ್ಕುವುದು ಬಲು ಸುಲಭ. ಕಾವಲು ಹೋಯಿತೆಂದರೆ ಆ ನೂರಾರು ಮರಿಗಳು ಇತರ ಮೀನುಗಳ ಪಾಲು. ಗ್ರೀಸಿನ ಅರಿಸ್ಟಾಟಲ್ ಲೆಸ್ಬೋಸ್ ದ್ವೀಪದ ಹಿನ್ನೀರಿನಲ್ಲಿ ಮೀನುಗಳನ್ನು ಗಮನಿಸಿದವನು. ನದಿಯ ಮೀನೊಂದರ ಗಂಡು ದಿನಗಟ್ಟಲೆ ಮೊಟ್ಟೆಗಳನ್ನು ಕಾಯುತ್ತದೆಂದು ಅವನು ಬರೆದದ್ದನ್ನು ಬಹುಕಾಲ ಪಂಡಿತರು ನಂಬಲಿಲ್ಲ. ಅದು ನಿಜವೆಂದು ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನಮ್ಮ ಕೆರೆಯಂಚಿನ ಹುಡುಗರನ್ನು ಕೇಳಿದ್ದರೆ ಅಂತಹ ಸಂಗತಿಯನ್ನು ಅಂದೇ ಒಪ್ಪುತ್ತಿದ್ದರೇನೋ.

ಎರಡನೆಯ ದಿನ ಕಡಲಿನತ್ತ. ಬಂಡೀಪುರದ ಮೂಲಕ ಹಾದುಹೋಗುವ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಆರಕ್ಕೆ ಮದ್ದೂರು ತಪಾಸಣಾ ಠಾಣೆಯಲ್ಲಿದ್ದರೆ ಮೂಲೆಹೊಳೆ, ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿಯಲ್ಲಿ ಬೆಳಗಿನ ಉಪಾಹಾರವಾದೀತು. ಕಾಡಿನಲ್ಲಿ ವಾಹನ ನಿಲ್ಲಿಸಲಾಗದು. ಈ ದಾರಿಯ ವಿಶೇಷವೊಂದನ್ನು ಮಕ್ಕಳಿಗೆ ತೋರಿಸಿ: ವಯನಾಡಿನಲ್ಲಿ ಸುರಿದ ಮಳೆಯೇ ಕಬಿನಿಯಾಗಿ ಪೂರ್ವಕ್ಕೆ ಹರಿದು ನಮ್ಮ ಕೆರೆಗಳಿಗೆ ಬಂದದ್ದು. ನಾವೀಗ ಆ ನೀರಿನ ದಾರಿಯನ್ನು ಹಿಂದಕ್ಕೆ ತುಳಿಯುತ್ತಿದ್ದೇವೆ. ಲಕ್ಕಿಡಿ ಮುಗಿದು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿಯತೊಡಗಿದರೆ ನೀರು ಪಶ್ಚಿಮಕ್ಕೆ ತಿರುಗುತ್ತದೆ.

ಕಲ್ಲಿಕೋಟೆಯ ದಕ್ಷಿಣಕ್ಕೆ, ಚಾಲಿಯಾರ್ ನದಿ ಕಡಲು ಸೇರುವ ಬೇಪೂರು ಮರದ ಉರುಗಳನ್ನು ಕಟ್ಟುವ ಹಳೆಯ ಬಂದರು. ಅಲ್ಲಿ ಸಮುದ್ರದೊಳಕ್ಕೆ ಚಾಚಿರುವ ಕಲ್ಲಿನ ತಡೆಗೋಡೆಗೆ ಮಲಯಾಳದಲ್ಲಿ ಪುಲಿಮುಟ್ಟು ಎನ್ನುತ್ತಾರೆ. ದೋಣಿಯಿಲ್ಲದವರು ಗಾಳ ಹಾಕುವುದು ಇಂತಹ ಗೋಡೆಗಳ ಮೇಲಿಂದಲೇ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು: ಸಿಹಿನೀರು, ಉಪ್ಪುನೀರು ಎರಡರ ಮೀನೂ ಬಂದುಹೋಗುವ ಸ್ಥಳ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೇರಳದವರು ಕಳ್ಳಕ್ಕಡಲ್ ಎಂದು ಕರೆಯುವ ಅಪಾಯವೊಂದಿದೆ. ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬಲೆಗಳು, ನಮ್ಮ ತೀರದಲ್ಲಿ ಗಾಳಿಯ ಸುಳಿವೂ ಇಲ್ಲದಿರುವಾಗ, ಕಳ್ಳನಂತೆ ಬಂದು ಬಂಡೆಗಳ ಮೇಲೆ ನುಗ್ಗುತ್ತವೆ. 2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡದ್ದು ಇಂತಹ ಎಚ್ಚರಿಕೆಯ ದಿನದಂದೇ. ಒಳನಾಡಿನ ನಮ್ಮ ಮಕ್ಕಳು ಕಡಲನ್ನು ದೊಡ್ಡ ಕೆರೆಯೆಂದೇ ಭಾವಿಸುತ್ತಾರೆ. ಹೊರಡುವ ಮುನ್ನ ಅಂದಿನ ಅಲೆಯ ಮುನ್ಸೂಚನೆ ನೋಡಿಕೊಳ್ಳಿ, ಬೆಸ್ತರು ಬೇಡವೆಂದರೆ ಇಳಿಯಬೇಡಿ.

ನನ್ನನ್ನು ಕೇಳಿದರೆ ಬೇಸಿಗೆಗಿಂತ ಕ್ರಿಸ್ಮಸ್ ರಜೆಯೇ ಮೇಲು. ಆಗ ಕೆರೆಗಳಲ್ಲಿ ನೀರಿರುತ್ತದೆ, ಕಡಲು ಶಾಂತವಾಗಿರುತ್ತದೆ. ಜೂನ್, ಜುಲೈಗಳನ್ನಂತೂ ಕೈಬಿಡಿ. ಮೀನು ಸಂತಾನ ಬೆಳೆಸುವ ಆ ಕಾಲದಲ್ಲಿ ಕೇರಳದಲ್ಲಿ 52 ದಿನ, ಕರ್ನಾಟಕದ ಕರಾವಳಿಯಲ್ಲಿ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಘಾಟಿಯೂ ನೆಚ್ಚುವಂತಹುದಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದಾಗ ಎಷ್ಟೋ ಮಂದಿಯ ಶರೀರಗಳು ದೊರೆತದ್ದು ಕೆಳಗಿನ ಇದೇ ಚಾಲಿಯಾರ್‌ನಲ್ಲಿ.

ಮೀನು ಬೀಳದಿದ್ದರೆ ಮನಸ್ಸು ಚಿಕ್ಕದು ಮಾಡಿಕೊಳ್ಳಬೇಡಿ. ಸಂತ ಪೇತ್ರರು ಬಲೆಯವರು. ಹೊಸ ಒಡಂಬಡಿಕೆಯಲ್ಲಿ ಗಾಳದ ಪ್ರಸ್ತಾಪ ಬರುವುದು ಒಂದೇ ಸಲ, ಮತ್ತಾಯನ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ, ಅದೂ ತೆರಿಗೆ ಕಟ್ಟುವುದಕ್ಕಾಗಿ! ಬಂದರಿನಲ್ಲಿ ಕೊಳ್ಳುವಾಗ ಮತ್ತಿ ಎಂದರೆ ಬೂತಾಯಿ, ಅಯಲ ಎಂದರೆ ಬಂಗುಡೆ ಎಂಬುದು ನೆನಪಿರಲಿ. ಕೇರಳದ ನಿಯಮದಂತೆ ಮತ್ತಿ 10 ಸೆಂಟಿಮೀಟರ್‌ಗೆ, ಅಯಲ 14ಕ್ಕೆ ಕಡಿಮೆಯಿದ್ದರೆ ಹಿಡಿಯುವಂತಿಲ್ಲ. ಅಗ್ಗವೆಂದು ಬೆರಳುದ್ದದವನ್ನು ಕೊಳ್ಳದಿರಿ. 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪವಿದ್ದ ಕೇರಳದ ಮತ್ತಿ 2021ರಲ್ಲಿ ಮೂರು ಸಾವಿರ ಚಿಲ್ಲರೆ ಟನ್ನಿಗೆ ಕುಸಿದಿತ್ತು.

ಮೂರನೆಯ ದಿನ ಭಾನುವಾರವಾದರೆ, 1513ರಷ್ಟು ಹಳೆಯದಾದ ಕಲ್ಲಿಕೋಟೆಯ ದೇವಮಾತೆಯ ಪ್ರಧಾನಾಲಯದಲ್ಲಿ ಬೆಳಗಿನ ಬಲಿಪೂಜೆಗೆ ಹೋಗಬಹುದು. ಭಾಷೆ ಮಲಯಾಳವಾದರೂ ಪೂಜಾಕ್ರಮ ನಮ್ಮದೇ. ಭಾನುವಾರ ಸಂಜೆ ಘಾಟಿಯಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿಕೊಂಡು ಮಧ್ಯಾಹ್ನ ಎರಡಕ್ಕೆಲ್ಲ ಹೊರಟುಬಿಡಿ. ಒಂಬತ್ತಕ್ಕೆ ಐದು ನಿಮಿಷ ತಡವಾದರೂ ಮುತ್ತಂಗದ ಗೇಟಿನ ಬಳಿ ಮೀನಿನೊಡನೆ ಬೆಳಗಿನವರೆಗೆ ಕಾಯಬೇಕಾದೀತು.