ಬೀದಿಯ ಮಳೆನೀರು ಬೀದಿಗೇ

ಸಂಜೆಯ ರೇಡಿಯೋದಲ್ಲಿ ಹವಾಮಾನ ವರದಿ ಬರುತ್ತದೆ: ಮೈಸೂರಿನ ಸುತ್ತಮುತ್ತ ಗುಡುಗುಸಹಿತ ಮಳೆಯಾಗುವ ಸಂಭವ. ನೀವು ಎದ್ದುಹೋಗಿ ಒಣಹಾಕಿದ ಬಟ್ಟೆಗಳನ್ನು ಒಳಗೆ ತರುತ್ತೀರಿ, ಕಿಟಕಿಗಳನ್ನು ಮುಚ್ಚುತ್ತೀರಿ. ಮಳೆ ಬಂದು ಹೋಗುತ್ತದೆ. ಅರ್ಧ ಗಂಟೆಯೊಳಗೆ ನಿಮ್ಮ ಬೀದಿ ತೊಳೆದಿಟ್ಟಂತೆ ಕಾಣುತ್ತದೆ. ಅಷ್ಟು ನೀರು ಎಲ್ಲಿಗೆ ಹೋಯಿತೆಂದು ನೀವು ಎಂದಾದರೂ ಯೋಚಿಸಿದ್ದುಂಟೆ?

ಮೈಸೂರು ನಗರವು ನೋಡುವುದಕ್ಕೆ ಸಮತಟ್ಟಾಗಿ ತೋರಿದರೂ ಅದರ ನೆಲಕ್ಕೆ ಎರಡು ಇಳಿಜಾರುಗಳುಂಟು. ದಕ್ಷಿಣ ಭಾಗದ ನೀರು ಕಪಿಲೆಯ ಕಡೆಗೆ ಇಳಿಯುತ್ತದೆ. ಉತ್ತರ ಭಾಗದ ನೀರು ಕಾವೇರಿಯ ಕಡೆಗೆ. ಈ ಉತ್ತರದ ಹಾದಿಯಲ್ಲಿರುವುದೇ ಕೆಸರೆ. ನಗರದ ಈಶಾನ್ಯದಲ್ಲಿ ಹಳ್ಳಿಯಾಗಿದ್ದುದು ಊರು ಬೆಳೆದಂತೆ ಅದರೊಳಗೆ ಸೇರಿಹೋಯಿತು. ಮೇಲಿನ ಬಡಾವಣೆಗಳ ಒಳಚರಂಡಿಯೂ ಈ ದಿಕ್ಕಿಗೇ ಇಳಿದುಬರುವುದರಿಂದ, ದಿನಕ್ಕೆ 3 ಕೋಟಿ ಲೀಟರು ಕೊಳಚೆ ನೀರನ್ನು ಶುದ್ಧಿಮಾಡತಕ್ಕ ಘಟಕವೊಂದನ್ನು ಕೆಸರೆಯಲ್ಲಿಯೇ ಕಟ್ಟಲಾಗಿದೆ. ಮೇಲಿನವರು ಬೇಡವೆಂದು ಬಿಟ್ಟದ್ದು ಕೆಳಗಿನವರ ಬಾಗಿಲಿಗೆ ಬರುವುದು ನೀರಿನ ಸ್ವಭಾವ. ನಮ್ಮ ಬೀದಿ ಬೇಗ ಒಣಗಿತೆಂದು ನಾವು ಸಂತೋಷಪಡುವ ಹೊತ್ತಿಗೆ, ತಗ್ಗಿನ ಓಣಿಯ ತಾಯಿಯೊಬ್ಬಳು ಅಕ್ಕಿಯ ಡಬ್ಬವನ್ನು ಅಟ್ಟದ ಮೇಲಕ್ಕೆ ಏರಿಸುತ್ತಿರಬಹುದು.

ಇದರಲ್ಲಿ ನಮ್ಮ ಹಿರಿಯರ ತಪ್ಪೇನೂ ಇಲ್ಲ. 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಕಾಲಿಟ್ಟಿತು. ಕತ್ತಲೆಯ ಇಕ್ಕಟ್ಟಾದ ಕೇರಿಗಳೂ ನಿಂತ ಕೊಳಕು ನೀರೂ ಜನರ ಪ್ರಾಣಕ್ಕೆ ಅಪಾಯವೆಂದು ಎಲ್ಲರಿಗೂ ಮನದಟ್ಟಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಏರ್ಪಟ್ಟು, ಅಗಲವಾದ ರಸ್ತೆಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು, ಕಲ್ಲಿನ ಚರಂಡಿಗಳು, ಹೊಸ ಬಡಾವಣೆಗಳು ಬಂದವು. ಆ ಕಾಲದ ನಿಯಮ ಒಂದೇ: ನೀರು ನಿಲ್ಲಬಾರದು, ಬೇಗ ಸಾಗಬೇಕು. ಬಚ್ಚಲ ನೀರಿಗೆ ಈ ನಿಯಮ ಇಂದಿಗೂ ಸರಿ. ಆದರೆ ಮಳೆಯ ನೀರಿಗೂ ಅದನ್ನೇ ಅನ್ವಯಿಸಿದೆವು. ಅಂಗಳ ಬಯಲುಗಳು ಮಣ್ಣಾಗಿದ್ದಷ್ಟು ಕಾಲ ನೆಲವೇ ಅರ್ಧ ಮಳೆಯನ್ನು ಕುಡಿಯುತ್ತಿತ್ತು. ಈಗ ಅಂಗಳಕ್ಕೆ ಸಿಮೆಂಟು, ಬೀದಿಗೆ ಟಾರು, ಪಕ್ಕಕ್ಕೆ ಕಾಂಕ್ರೀಟು. ಬಿದ್ದ ನೀರೆಲ್ಲ ಒಂದೇ ಗಳಿಗೆಯಲ್ಲಿ ಓಡತೊಡಗುತ್ತದೆ. ಹನಿಗೂಡಿ ಹಳ್ಳವೆಂಬ ಗಾದೆ ಉಳಿತಾಯಕ್ಕೆ ಹೇಳಿದ್ದು. ಬೀದಿಯ ಪಾಲಿಗೆ ಅದು ಎಚ್ಚರಿಕೆಯ ಮಾತಾಗಿದೆ.

ಸ್ವಲ್ಪ ಲೆಕ್ಕ ಹಾಕೋಣ. 100 ಮೀಟರು ಉದ್ದ, 9 ಮೀಟರು ಅಗಲದ ಬೀದಿಯೊಂದನ್ನು ತೆಗೆದುಕೊಳ್ಳಿ. ಒಂದು ಅಂಗುಲ, ಎಂದರೆ ಸುಮಾರು 25 ಮಿಲಿಮೀಟರು ಮಳೆ ಬಿದ್ದರೆ ಆ ಟಾರಿನ ಮೇಲೆಯೇ 22,500 ಲೀಟರು ನೀರಾಗುತ್ತದೆ. ಎರಡೂ ಕಡೆ ಸೇರಿ 20 ಮನೆಗಳಿದ್ದು, ಒಂದೊಂದರ ಛಾವಣಿ 80 ಚದರ ಮೀಟರಾದರೆ ಅವುಗಳಿಂದ ಇನ್ನೂ 40,000 ಲೀಟರು. ಒಂದು ಬೀದಿಯ ಲೆಕ್ಕ ಇದು. ಇಂಥ ನೂರಾರು ಬೀದಿಗಳು ಏಕಕಾಲಕ್ಕೆ ತಗ್ಗಿಗೆ ನೀರು ಕಳುಹಿಸಿದರೆ ಯಾವ ಮೋರಿ ತಾನೆ ತಾಳೀತು?

ನೀರಿನ ಪ್ರಮಾಣಕ್ಕಿಂತಲೂ ಅದರ ಕೊಳೆ ದೊಡ್ಡದು. ಮೊದಲ ಕೆಲವು ನಿಮಿಷಗಳ ಮಳೆ ಬೀದಿಯ ಮೇಲೆ ಕೂತ ಧೂಳು, ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಟೈರು ಸವೆದ ಪುಡಿ, ಸಗಣಿ, ಕಸ ಎಲ್ಲವನ್ನೂ ಬಾಚಿಕೊಂಡು ಹೋಗುತ್ತದೆ. ಅದು ತಲುಪುವುದು ಕೆರೆಗೆ ಇಲ್ಲವೆ ನದಿಗೆ.

ಇದಕ್ಕೆ ಪರಿಹಾರವಾಗಿ ಬೇರೆ ದೇಶಗಳಲ್ಲಿ ಒಂದು ಸರಳವಾದ ಉಪಾಯ ಬಳಕೆಗೆ ಬಂದಿದೆ. ರಸ್ತೆಯ ಅಂಚಿನಲ್ಲಿ ದಾರಿಗಿಂತ ತಗ್ಗಾದ ಗಿಡದ ಪಾತಿಗಳನ್ನು ಮಾಡಿ, ಮಳೆನೀರನ್ನು ಮೊದಲು ಅವುಗಳಿಗೆ ಹರಿಸುವುದು. ಅಮೆರಿಕದ ಸಿಯಾಟಲ್ ನಗರದಲ್ಲಿ 2001ರಲ್ಲಿ ಒಂದು ವಸತಿಬೀದಿಯನ್ನು ಹೀಗೆ ಪುನಃ ಕಟ್ಟಿದರು. ರಸ್ತೆಯನ್ನು 14 ಅಡಿಗೆ ಕಿರಿದುಮಾಡಿ, ಬಳುಕಿಸಿ, ಉಳಿದ ಜಾಗದಲ್ಲಿ ಮರಗಿಡಗಳ ತಗ್ಗುಗಳನ್ನು ಮಾಡಿದರು. ಆ ಬೀದಿಯಿಂದ ಹೊರಕ್ಕೆ ಹರಿಯುವ ನೀರು ನೂರಕ್ಕೆ 98ರಷ್ಟು ಕಡಿಮೆಯಾಯಿತೆಂದು ಅಳತೆಗಳು ತೋರಿಸಿದವು. 2003ರಲ್ಲಿ ಪೋರ್ಟ್‌ಲೆಂಡ್ ನಗರದ ಒಂದು ಬೀದಿಯಲ್ಲಿಯೂ ಇಂಥ ಪಾತಿಗಳಾದವು. ಆದರೆ ಒಂದು ಮಾತನ್ನು ಮರೆಯಕೂಡದು. ಆ ಊರುಗಳಲ್ಲಿ ಮಳೆ ಸಾಮಾನ್ಯವಾಗಿ ಜಿನುಗುತ್ತದೆ, ನಮ್ಮಲ್ಲಿ ಸುರಿಯುತ್ತದೆ. ವರ್ಷಕ್ಕೆ ಸುಮಾರು 80 ಸೆಂಟಿಮೀಟರು ಮಳೆ ಕಾಣುವ ಮೈಸೂರಿನಲ್ಲಿ ಅದರ ದೊಡ್ಡ ಪಾಲು ಮೇ ತಿಂಗಳ ಗುಡುಗು ಮಳೆಯಲ್ಲಿಯೂ ಸೆಪ್ಟೆಂಬರು ಅಕ್ಟೋಬರುಗಳಲ್ಲಿಯೂ ಬೀಳುತ್ತದೆ. ಆದ್ದರಿಂದ ಅಲ್ಲಿನ ಅಂಕಿಯನ್ನು ನಾವು ನೆಚ್ಚಬಾರದು. ಉಪಾಯವನ್ನು ಮಾತ್ರ ತೆಗೆದುಕೊಳ್ಳಬಹುದು.

ಆ ಪಾತಿಯನ್ನು ಮಾಡುವ ಬಗೆ ಹೀಗೆ. ಒಂದು ಮೀಟರು ಅಗಲದ ಕಾಲುವೆ ತೋಡಿ, ತಳಕ್ಕೆ ಜಲ್ಲಿಕಲ್ಲು, ಅದರ ಮೇಲೆ ಮರಳು, ಮೇಲೆ ಮರಳೂ ಗೊಬ್ಬರವೂ ಬೆರೆತ ಕೆಮ್ಮಣ್ಣು ಹಾಕಬೇಕು. ಮೇಲ್ಮೈ ರಸ್ತೆಗಿಂತ ಒಂದು ಗೇಣಿನಷ್ಟಾದರೂ ತಗ್ಗಿರಬೇಕು. ಅಂಚುಗಲ್ಲನ್ನು ಅಲ್ಲಲ್ಲಿ ಬಿಡಿಸಿ ನೀರಿಗೆ ಬಾಯಿ ಬಿಡಬೇಕು. ಆ ಬಾಯಿಯ ಒಳಗೆ ಕಸವೂ ಹೂಳೂ ತಂಗಲು ಒಂದು ಚಿಕ್ಕ ಗುಂಡಿ ಇರಬೇಕು. ನೀರು ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವಾಗ ಧೂಳೂ ಎಣ್ಣೆಯ ಅಂಶವೂ ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳೂ ಬೇರುಗಳೂ ಉಳಿದ ಕೆಲಸವನ್ನು ಮಾಡುತ್ತವೆ. ಬೀದಿಯ ಎರಡು ಕಡೆ ಸೇರಿಸಿ 60 ಮೀಟರು ಉದ್ದಕ್ಕೆ ಇಂಥ ಪಾತಿಯಿದ್ದರೆ, ಮೇಲಿನ ತಗ್ಗಿನಲ್ಲಿ ಸುಮಾರು 9,000 ಲೀಟರು, ಕೆಳಗಿನ ಪದರಗಳ ಸಂದಿಯಲ್ಲಿ ಹೆಚ್ಚುಕಡಮೆ ಅಷ್ಟೇ ನೀರು ಹಿಡಿಯುತ್ತದೆ. ಅಂದರೆ ನಾವು ಹಿಂದೆ ಹೇಳಿದ ಬೀದಿಯ ಟಾರಿನ ಮೇಲೆ ಬಿದ್ದ ಒಂದು ಅಂಗುಲ ಮಳೆಯ ಹೆಚ್ಚಿನ ಪಾಲು ಅಲ್ಲಿಯೇ ತಂಗಿತು. ಛಾವಣಿಯ ನೀರಿಗೆ ಆಯಾ ಮನೆಯ ತೊಟ್ಟಿ ಇಲ್ಲವೆ ಇಂಗುಗುಂಡಿಯೇ ತಕ್ಕದ್ದು. ಮಿಕ್ಕದ್ದಕ್ಕಾಗಿ ಹಳೆಯ ಚರಂಡಿ ಇದ್ದೇ ಇರಬೇಕು. ಪಾತಿ ಚರಂಡಿಯ ಸಹಾಯಕ, ವಾರಸುದಾರನಲ್ಲ.

ಗಿಡಗಳ ಆಯ್ಕೆಗೆ ದೂರ ಹೋಗಬೇಕಾಗಿಲ್ಲ. ಎರಡು ದಿನ ನೀರಿನಲ್ಲಿಯೂ ಎರಡು ತಿಂಗಳು ಬಿಸಿಲಿನಲ್ಲಿಯೂ ಬಾಳುವಂಥದು ಬೇಕು. ಆಳಕ್ಕೆ ಬೇರುಬಿಡುವ ಲಾವಂಚ ಮೊದಲನೆಯದು. ನೆರಳಿಗೆ ಹೊಂಗೆ.

“ನೀರು ನಿಂತರೆ ಸೊಳ್ಳೆಯಾಗದೆ?” ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರದಷ್ಟು ಕಾಲ ಬೇಕು. ಸರಿಯಾಗಿ ಮಾಡಿದ ಪಾತಿಯಲ್ಲಿ ನೀರು ಒಂದು ದಿನ, ಹೆಚ್ಚೆಂದರೆ ಎರಡು ದಿನದಲ್ಲಿ ಇಂಗಿಹೋಗುತ್ತದೆ. ಮೂರನೆಯ ದಿನವೂ ನೀರು ಕಂಡರೆ ಮಣ್ಣು ಕಟ್ಟಿಕೊಂಡಿದೆಯೆಂದು ಅರ್ಥ, ಕೆದಕಿ ಸಡಿಲಮಾಡಬೇಕು. ಇನ್ನೆರಡು ಎಚ್ಚರಿಕೆಗಳು: ಬಚ್ಚಲ ನೀರನ್ನು ಇದಕ್ಕೆ ಎಂದಿಗೂ ಬಿಡಕೂಡದು, ಮನೆಯ ತಳಪಾಯದಿಂದ ಮೂರು ಮೀಟರಾದರೂ ದೂರವಿರಬೇಕು. ಅಗೆಯುವ ಮೊದಲು ಮಹಾನಗರ ಪಾಲಿಕೆಯ ಅನುಮತಿಯೂ, ನೆಲದಡಿಯ ಕೊಳವೆಗಳು ಎಲ್ಲಿವೆಯೆಂಬ ತಿಳಿವಳಿಕೆಯೂ ಅಗತ್ಯ.

ಇಲ್ಲಿಯವರೆಗೆ ಹೇಳಿದ್ದು ಇಂಜಿನಿಯರರ ಕೆಲಸ. ಅದಕ್ಕಿಂತ ಕಷ್ಟವಾದದ್ದು ಇದರ ಮುಂದಿನದು. ಪಾತಿಯನ್ನು ಗುತ್ತಿಗೆದಾರನೊಬ್ಬ ಒಂದು ತಿಂಗಳಲ್ಲಿ ಕಟ್ಟಬಲ್ಲ. ಆದರೆ ಅದರ ಬಾಯಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ತೆಗೆಯುವವರು ಯಾರು? ಹೂಳನ್ನು ಎತ್ತುವವರು ಯಾರು? ಅದರ ಮೇಲೆ ಸ್ಕೂಟರು ನಿಲ್ಲಿಸಬೇಡಪ್ಪ ಎಂದು ಪಕ್ಕದ ಮನೆಯ ಹುಡುಗನಿಗೆ ಹೇಳುವವರು ಯಾರು? ಸಿಯಾಟಲಿನ ಆ ಬೀದಿಯಲ್ಲಿ ನಿವಾಸಿಗಳೇ ಗಿಡಗಳ ಆರೈಕೆಗೆ ಕೈಗೂಡಿಸಿದರು. ನೋಡಿಕೊಳ್ಳುವವರಿಲ್ಲದ ಪಾತಿ ಎರಡೇ ಮಳೆಗಾಲದಲ್ಲಿ ಕಸದ ಗುಂಡಿಯಾಗುತ್ತದೆ.

ನಮಗೆ ಇದು ಹೊಸ ಪಾಠವಲ್ಲ. ಹಳ್ಳಿಯ ಅರಳಿಕಟ್ಟೆಯನ್ನು ನೆನೆದುಕೊಳ್ಳಿ. ಮರ ಎಲ್ಲರದು, ನೆರಳು ಎಲ್ಲರದು, ಕಟ್ಟೆಯ ಕಲ್ಲು ಸಡಿಲವಾದರೆ ಅದೂ ಎಲ್ಲರ ಚಿಂತೆ. ಪಟ್ಟಣಕ್ಕೆ ಬಂದ ಮೇಲೆ ಗೇಟಿನ ಒಳಗಿನದು ನನ್ನದು, ಹೊರಗಿನದು ಪಾಲಿಕೆಯದು ಎಂದು ಗೆರೆ ಎಳೆದುಕೊಂಡೆವು. ಬೀದಿಯ ಪಾತಿ ಆ ಗೆರೆಯ ಮೇಲೆಯೇ ಇರುತ್ತದೆ. ಪಾತಿಯ ಪಕ್ಕದಲ್ಲಿ ಹೊಂಗೆಯ ನೆರಳಿಗೆ ಒಂದು ಕಲ್ಲುಚಪ್ಪಡಿ ಹಾಕಿಸಿ ನೋಡಿ. ಸಂಜೆ ಅಜ್ಜಂದಿರು ಕೂರುತ್ತಾರೆ, ಸೊಪ್ಪಿನವಳು ಬುಟ್ಟಿ ಇಳಿಸುತ್ತಾಳೆ, ಗುಡಿಯಿಂದ ಬಂದವರೂ ಮಸೀದಿಯಿಂದ ಬಂದವರೂ ನಿಂತು ಎರಡು ಮಾತಾಡುತ್ತಾರೆ. ಹೂಳೆತ್ತುವ ದಿನವನ್ನು ಗೊತ್ತುಮಾಡಲು ಅದಕ್ಕಿಂತ ಒಳ್ಳೆಯ ಸಭೆ ಬೇಡ. ಯುಗಾದಿಯ ಹೊತ್ತಿಗೆ ಒಮ್ಮೆ, ದಸರೆಗೆ ಮುಂಚೆ ಒಮ್ಮೆ ಮಾಡಿದರೆ ಎರಡೂ ಮಳೆಗೂ ಪಾತಿ ಸಿದ್ಧ.

ಇಷ್ಟನ್ನು ನಾಳೆಯೇ ಮಾಡಿರೆಂದು ನಾವು ಹೇಳುತ್ತಿಲ್ಲ. ಮುಂದಿನ ಮಳೆ ಬಂದಾಗ ಕೊಡೆ ಹಿಡಿದು ಒಂದು ಹತ್ತು ನಿಮಿಷ ಬೀದಿಯಲ್ಲಿ ನಿಂತು ನೋಡಿ. ನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ತಂಗುತ್ತದೆ, ಯಾವ ಮೂಲೆಯಿಂದ ಕೆಳಕ್ಕೆ ಧುಮುಕುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಎದುರುಮನೆಯವರನ್ನೂ ಕರೆದು ತೋರಿಸಿ. ಆ ಕಾಗದ ಹಿಡಿದು ನಿಮ್ಮ ವಾರ್ಡಿನ ಕಚೇರಿಗೆ ಇಬ್ಬರು ಹೋದರೆ ಅರ್ಜಿ. ಇಪ್ಪತ್ತು ಮನೆಯವರು ಹೋದರೆ ಅದು ಒಂದು ಬೀದಿಯ ಮಾತು. ನಿಮ್ಮ ಬೀದಿಯಲ್ಲಿ ಇಂಗಿದ ಪ್ರತಿ ಕೊಡ ನೀರೂ ಕೆಸರೆಯ ತಗ್ಗಿನ ಮನೆಯೊಂದರ ಹೊಸಿಲನ್ನು ಮುಟ್ಟದೆ ಉಳಿಯುತ್ತದೆ.